ಮುದಿ ನಾಯಿಯ ಬೇನೆ ಕಲಿಸಿದ ಪಾಠ



ಈ ಹೊತ್ತು ನಾನು ಬಿತ್ತನೆ ಬೀಜದ ಮಾತು ಹೇಳಲು ಬಂದಿಲ್ಲ, ಗೊಬ್ಬರದ ಲೆಕ್ಕವನ್ನೂ ತಂದಿಲ್ಲ. ಒಂದು ಮುದಿ ನಾಯಿಯ ಬೇನೆಯ ಕಥೆ ಹೇಳುತ್ತೇನೆ. ಅದರ ಜೊತೆಗೆ, ಆ ಬೇನೆಯನ್ನು ಗುರುತಿಸಲು ಮನುಷ್ಯ ಎಷ್ಟು ಕಾಲ ತೆಗೆದುಕೊಂಡ, ಹೇಗೆ ಕಲಿತ ಅನ್ನುವ ಚರಿತ್ರೆಯನ್ನೂ ಹೇಳುತ್ತೇನೆ. "ನಾಯಿಯ ಕಥೆ ಕಟ್ಟಿಕೊಂಡು ನಮಗೇನಾಗಬೇಕು ಸ್ವಾಮಿ?" ಅಂತ ನಿಮ್ಮಲ್ಲಿ ಯಾರಾದರೂ ಕೇಳಬಹುದು. ಸ್ವಲ್ಪ ತಾಳಿ. ಹೊಲ ಕಾಯುವ ನಾಯಿ ಇಲ್ಲದ ಒಕ್ಕಲುಮನೆ ಯಾವುದಿದೆ? ಆ ನಾಯಿಯ ಜೊತೆ ಆಡದ ಮಗು ಯಾವುದಿದೆ?

ಒಂದು ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಪಶುವೈದ್ಯ ಸಹಾಯಕರಿಗೆ ತರಬೇತಿ ನಡೆದಿತ್ತು. ಹಳ್ಳಿಯ ಜನ ಬಾಯಿತುಂಬ 'ಕಾಂಪೌಂಡರು' ಅಂತ ಕರೆಯುತ್ತಾರಲ್ಲ, ಅಂಥ ಹುಡುಗರು. ಇಲಾಖೆಯ ಕೆಲಸದ ಮೇಲೆ ಹೋಗಿದ್ದ ನಾನೂ ಹಿಂದಿನ ಬೆಂಚಿನಲ್ಲಿ ಕೂತೆ. ಆ ದಿನ ಪುಸ್ತಕದ ಪಾಠವಿರಲಿಲ್ಲ. ಹಿಂದಿನ ತಿಂಗಳು ಸತ್ತುಹೋದ ಒಂದು ನಾಯಿಯ ವಿಷಯವನ್ನು ಮೊದಲಿನಿಂದ ಕಡೆಯವರೆಗೆ ಮತ್ತೆ ವಿಚಾರ ಮಾಡುವುದೇ ಆ ದಿನದ ಪಾಠ.

ನಾಯಿಯ ಹೆಸರು ಕರಿಯ. ವಯಸ್ಸು ಹನ್ನೊಂದು. ಯಜಮಾನರು ಅದನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರು. "ಎರಡು ದಿನದಿಂದ ಅನ್ನ ಮುಟ್ಟಿಲ್ಲ ಡಾಕ್ಟ್ರೇ. ಬಾಯಿ ಮುಚ್ಚೋದಿಲ್ಲ, ಜೊಲ್ಲು ಸುರಿಸುತ್ತೆ. ಮೊನ್ನೆ ಹಬ್ಬದಲ್ಲಿ ಮೂಳೆ ಹಾಕಿದ್ದೆವು, ಗಂಟಲಿಗೆ ಸಿಕ್ಕಿರಬೇಕು. ಮುದಿಯಾಯ್ತು ನೋಡಿ, ಹಲ್ಲೂ ಇಲ್ಲ" ಎಂದರಂತೆ. ಆ ಹೊತ್ತಿಗೆ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಇದ್ದವನು ತರಬೇತಿಗೆ ಬಂದಿದ್ದ ಒಬ್ಬ ಹುಡುಗ. ಒಳ್ಳೆಯ ಹುಡುಗ, ಕೆಲಸಗಾರ. ಯಜಮಾನರ ಮಾತು ನಂಬಿದ. ನಾಯಿ ಬೊಗಳುತ್ತಿರಲಿಲ್ಲ, ಕಚ್ಚಲು ಬರುತ್ತಿರಲಿಲ್ಲ, ಸುಮ್ಮನೆ ಮಲಗಿತ್ತು. ಬರಿಗೈಯನ್ನೇ ಬಾಯೊಳಗೆ ಹಾಕಿ ಗಂಟಲವರೆಗೆ ತಡಕಿದ. ಮೂಳೆ ಸಿಗಲಿಲ್ಲ.

ಮೂರನೆಯ ದಿನ ನಾಯಿ ಸತ್ತಿತು. ಊರಿನಿಂದ ಹಿಂತಿರುಗಿದ್ದ ಡಾಕ್ಟರಿಗೆ ಸಂಶಯ ಬಂದು ಮಿದುಳನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ಉತ್ತರ ಬಂತು: ರೇಬೀಸ್. ಅಂದರೆ ಹುಚ್ಚುನಾಯಿ ರೋಗ.

ತರಬೇತಿಯ ದಿನ ಡಾಕ್ಟರು ಕಪ್ಪುಹಲಗೆಯ ಮೇಲೆ ಮೂರು ಸಾಲು ಎಳೆದರು. ಒಂದರ ಮೇಲೆ 'ಕಂಡದ್ದು', ಇನ್ನೊಂದರ ಮೇಲೆ 'ಊಹಿಸಿದ್ದು', ಮೂರನೆಯದರ ಮೇಲೆ 'ಕೇಳದೆ ಬಿಟ್ಟದ್ದು' ಎಂದು ಬರೆದರು. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಕಂಡದ್ದರ ಸಾಲಿಗೆ ಜೋತುಬಿದ್ದ ಕೆಳದವಡೆ, ಜೊಲ್ಲು, ನುಂಗಲಾಗದ ಸ್ಥಿತಿ ಬಂದವು. ಊಹಿಸಿದ್ದರ ಸಾಲಿಗೆ ಮೂಳೆ, ಹಲ್ಲುನೋವು, ಮುಪ್ಪು ಬಂದವು. ಮೂರನೆಯ ಸಾಲು ತುಂಬಲು ಮಾತ್ರ ಬಹಳ ಹೊತ್ತು ಹಿಡಿಯಿತು. ಈ ನಾಯಿಗೆ ಲಸಿಕೆ ಹಾಕಿಸಿತ್ತೆ? ಯಾವತ್ತೂ ಇಲ್ಲ. ಬೇರೆ ನಾಯಿ ಕಚ್ಚಿತ್ತೆ? ಯಜಮಾನರಿಗೆ ಗೊತ್ತಿರಲಿಲ್ಲ. ಮನೆಯ ಎಂಟು ವರ್ಷದ ಮೊಮ್ಮಗನಿಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಎಲ್ಲಿಂದಲೋ ಬಂದ ನಾಯಿಯೊಂದು ಕಣದ ಹತ್ತಿರ ಕರಿಯನ ಮೂತಿ ಕಚ್ಚಿ ಓಡಿತ್ತು. ಹುಡುಗನನ್ನು ಯಾರೂ ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಎರಡು ದಿನ ತನ್ನ ಕೈಯಿಂದಲೇ ಕರಿಯನ ಬಾಯಿಗೆ ಗಂಜಿ ಹಿಂಡಿದವನೂ ಅವನೇ.

ಆ ಮಗುವೂ ಆ ತರಬೇತಿಯ ಹುಡುಗನೂ ಏನಾದರು ಅನ್ನುವುದನ್ನು ಕಡೆಗೆ ಹೇಳುತ್ತೇನೆ. ಈಗ ಚರಿತ್ರೆಗೆ ಬರೋಣ. ಏಕೆಂದರೆ ಆ ಜೋತುಬಿದ್ದ ದವಡೆಯನ್ನು ಕಂಡವರು ನಾವೇ ಮೊದಲಲ್ಲ.

ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥವಾದ ಸುಶ್ರುತ ಸಂಹಿತೆಯ ಕಲ್ಪಸ್ಥಾನವೆಂಬ ಭಾಗದಲ್ಲಿ ವಿಷದ ವಿಚಾರವಿದೆ. ಅಲ್ಲಿ ಹುಚ್ಚು ಹಿಡಿದ ನಾಯಿ, ನರಿ ಮೊದಲಾದ ಪ್ರಾಣಿಗಳ ಲಕ್ಷಣ ಹೇಳಿದೆ. ಬಾಲ, ದವಡೆ, ಹೆಗಲು ಜೋತುಬೀಳುತ್ತವೆ, ಜೊಲ್ಲು ವಿಪರೀತವಾಗಿ ಸುರಿಯುತ್ತದೆ ಎಂದು ಆ ಗ್ರಂಥ ಹೇಳುತ್ತದೆ. ಕಚ್ಚಿಸಿಕೊಂಡ ಮನುಷ್ಯ ನೀರಿಗೆ ಹೆದರಲು ತೊಡಗಿದರೆ ಬದುಕುವುದಿಲ್ಲವೆಂದೂ ಹೇಳುತ್ತದೆ. ಇಷ್ಟು ಶತಮಾನಗಳ ಹಿಂದೆ ಯಾರೋ ಕೂತು ನೋಡಿದ್ದಾರೆ, ನೋಡಿದ್ದನ್ನು ಹೇಳಿಟ್ಟಿದ್ದಾರೆ. ಈ ಹೊತ್ತಿಗೂ ಆ ಲಕ್ಷಣ ಸುಳ್ಳಾಗಿಲ್ಲ. ಆದರೆ ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ಊರಿನಲ್ಲಿ ದನ ನೋಡುವವನ ಕೈಗೆ ಅದು ತಲುಪುತ್ತದೆಯೇ? ತಲುಪಿಸಲು ಶಾಲೆ ಬೇಕು.

ಅಂಥ ಶಾಲೆ ಯೂರೋಪಿನಲ್ಲಿ ಮೊದಲು ಹುಟ್ಟಿದ್ದು ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ. ಕ್ಲೋದ್ ಬೂರ್ಜೆಲಾ ಎಂಬಾತ ಅಲ್ಲಿ ಕುದುರೆ ಸವಾರಿ ಕಲಿಸುವ ಶಾಲೆಯ ಮುಖ್ಯಸ್ಥನಾಗಿದ್ದ. 1761ರಲ್ಲಿ ರಾಜನ ಅಪ್ಪಣೆ ಪಡೆದು, 1762ರಲ್ಲಿ ಪಶುವೈದ್ಯ ಶಾಲೆ ಆರಂಭಿಸಿದ. ಅದಕ್ಕೆ ಕಾರಣ ನಾಯಿಯಲ್ಲ, ದನ. ಆ ಕಾಲದಲ್ಲಿ ದೊಡ್ಡರೋಗ ಬಂದು ಯೂರೋಪಿನ ದನಗಳು ಹಿಂಡುಹಿಂಡಾಗಿ ಸಾಯುತ್ತಿದ್ದವು. ಶಾಲೆಯ ವಿದ್ಯಾರ್ಥಿಗಳನ್ನು ಮೊದಲ ವರ್ಷಗಳಲ್ಲೇ ಬೇನೆ ಬಿದ್ದ ಹಳ್ಳಿಗಳಿಗೆ ಕಳುಹಿಸಿದರು. ಆ ದೊಡ್ಡರೋಗ ನಮ್ಮ ಹಟ್ಟಿಗಳನ್ನೂ ಬರಿದು ಮಾಡಿದ್ದು ಹಿರಿಯರಿಗೆ ಗೊತ್ತು. ಅದು ಪ್ರಪಂಚದಿಂದಲೇ ತೊಲಗಿತೆಂದು 2011ರಲ್ಲಿ ಸಾರಿದರು. ಲಿಯೋನಿನ ಹೆಸರನ್ನು ನೆನಪಿಟ್ಟುಕೊಳ್ಳಿ, ನಾಯಿಯ ಕಥೆಯಲ್ಲಿ ಅದು ಮತ್ತೊಮ್ಮೆ ಬರುತ್ತದೆ.

ಇಂಗ್ಲೆಂಡಿನಲ್ಲಿ ಲಂಡನ್ ಪಶುವೈದ್ಯ ಕಾಲೇಜು 1791ರಲ್ಲಿ ಆಯಿತು. ಅಲ್ಲಿ ಬಹುಕಾಲ ಕುದುರೆಗೇ ಮರ್ಯಾದೆ, ನಾಯಿಯನ್ನು ಕೇಳುವವರಿಲ್ಲ. ಅಂಥ ದಿನಗಳಲ್ಲಿ ವಿಲಿಯಂ ಯೂವಟ್ ಎಂಬ ಪಶುವೈದ್ಯ ನಾಯಿಗಳ ಬೇನೆಗಳನ್ನು ಒಂದೊಂದಾಗಿ ನೋಡಿ ಬರೆದಿಟ್ಟ. ಹುಚ್ಚುನಾಯಿ ರೋಗದ ಮೇಲೆ 1830ರಲ್ಲಿ ಒಂದು ಪುಸ್ತಕ ಬರೆದ, ನಾಯಿಗಳ ಮೇಲೆ 1845ರಲ್ಲಿ ಇನ್ನೊಂದು. ಅವನು ಬರೆದ ಒಂದು ಮಾತು ಕೇಳಿದರೆ ನಿಮಗೆ ಕರಿಯನ ನೆನಪಾಗುತ್ತದೆ. ರೋಗ ಹಿಡಿದ ನಾಯಿ ಅಂಟಾದ ಜೊಲ್ಲನ್ನು ತೆಗೆಯಲು ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಮನೆಯವರು ಗಂಟಲಿಗೆ ಮೂಳೆ ಸಿಕ್ಕಿತೆಂದು ತಿಳಿದು ಸಹಾಯಕ್ಕೆ ಓಡುತ್ತಾರೆ ಎಂದು ಆತ ಎಚ್ಚರಿಸಿದ. ನೋಡಿದಿರಾ? ಅಲ್ಲಿ ಲಂಡನ್ ಪಟ್ಟಣ, ಇಲ್ಲಿ ನಮ್ಮ ಹೊಲದ ಮನೆ. ಊಹೆ ಒಂದೇ, ಅಪಾಯವೂ ಒಂದೇ.

ಯೂವಟನನ್ನೂ ಇಂಥ ನಾಯಿಗಳು ಕಚ್ಚಿದ್ದವು. ಆಗ ಗಾಯವನ್ನು ಕಾರದಿಂದ ಸುಡುತ್ತಿದ್ದರು. ತನ್ನ ಗಾಯಗಳನ್ನು ಆತ ಹಾಗೆಯೇ ಸುಟ್ಟುಕೊಂಡ. ನಾಯಿ ಸತ್ತ ಮೇಲೆ ರೋಗ ಯಾವುದೆಂದು ತೀರ್ಮಾನಿಸಲು ಆ ಕಾಲದ ವೈದ್ಯರು ಹೊಟ್ಟೆ ಕೊಯ್ದು ನೋಡುತ್ತಿದ್ದರು. ಹುಲ್ಲು, ಕಡ್ಡಿ, ಕೂದಲು ಸಿಕ್ಕರೆ ಹುಚ್ಚಿದ್ದಿರಬೇಕು ಎಂದು ಎಣಿಸುತ್ತಿದ್ದರು. ರೋಗದ ಬೀಜ ಇರುವುದು ಮಿದುಳಿನಲ್ಲಿ ಅಂತ ಆಗ ಗೊತ್ತಿರಲಿಲ್ಲ.

ಮುಂದಿನ ಹೆಜ್ಜೆ ಮತ್ತೆ ಲಿಯೋನಿನಲ್ಲಿ. ಬೂರ್ಜೆಲಾ ಕಟ್ಟಿದ ಶಾಲೆಯಲ್ಲಿ ವಿಕ್ಟರ್ ಗಾಲ್ತಿಯೇ ಎಂಬ ಅಧ್ಯಾಪಕನಿದ್ದ. ಹುಚ್ಚುನಾಯಿಯ ರೋಗವನ್ನು ಮೊಲಕ್ಕೆ ಅಂಟಿಸಬಹುದೆಂದು 1879ರಲ್ಲಿ ಆತ ತೋರಿಸಿದ. ಇದೇನು ದೊಡ್ಡ ವಿಷಯ ಅಂತೀರಾ? ದೊಡ್ಡದೇ. ಅದುವರೆಗೆ ಈ ರೋಗವನ್ನು ಅಭ್ಯಾಸ ಮಾಡಬೇಕಾದರೆ ಕಚ್ಚುವ ನಾಯಿಯನ್ನೇ ಕಟ್ಟಿಕೊಂಡಿರಬೇಕಿತ್ತು. ಮೊಲವಾದರೆ ಗೂಡಿನಲ್ಲಿ ಇರುತ್ತದೆ, ಕಚ್ಚುವ ಭಯ ಕಡಿಮೆ, ರೋಗವೂ ಬೇಗ ಕಾಣಿಸುತ್ತದೆ.

ಮರುವರ್ಷ, 1880ರ ಡಿಸೆಂಬರಿನಲ್ಲಿ, ಸೈನ್ಯದಲ್ಲಿ ಕೆಲಸ ಮಾಡಿದ್ದ ಬೂರೆಲ್ ಎಂಬ ಪಶುವೈದ್ಯ ಪ್ಯಾರಿಸಿನಲ್ಲಿದ್ದ ಲೂಯಿ ಪಾಶ್ಚರನ ಪ್ರಯೋಗಾಲಯಕ್ಕೆ ಎರಡು ನಾಯಿಗಳನ್ನು ಕಳುಹಿಸಿದ. ಒಂದು ರೇಗುವ ನಾಯಿ, ಕಂಡಕಂಡದ್ದನ್ನು ಕಚ್ಚುತ್ತಿತ್ತು. ಇನ್ನೊಂದು ಸುಮ್ಮನಿತ್ತು. ಅದರ ದವಡೆ ಪಾರ್ಶ್ವವಾಯು ಬಡಿದಂತೆ ಅರ್ಧ ತೆರೆದು ನಿಂತಿತ್ತು, ನಾಲಿಗೆಯ ಮೇಲೆ ನೊರೆ. ನಮ್ಮ ಕರಿಯನಂತೆಯೇ! ಇದನ್ನು ಮೂಕಹುಚ್ಚು ಎನ್ನುತ್ತಾರೆ. ಹುಚ್ಚುನಾಯಿ ಅಂದರೆ ಓಡಾಡಿ ಕಚ್ಚುವ ನಾಯಿ ಅಂತಲೇ ನಾವು ತಿಳಿದಿದ್ದೇವೆ. ಮೂಲೆ ಹಿಡಿದು ಮಲಗಿ, ಬಾಯಿ ಬಿಟ್ಟುಕೊಂಡು, ಕರುಣೆಯಿಂದ ಮುಖ ನೋಡುವ ನಾಯಿಗೂ ಅದೇ ರೋಗವಿರಬಹುದು. ಎರಡರ ಜೊಲ್ಲಿನಲ್ಲಿಯೂ ಅದೇ ವಿಷ.

ಪಾಶ್ಚರ್ ಮೊದಲು ಜೊಲ್ಲಿನಲ್ಲಿ ಹುಡುಕಿದ. ಜೊಲ್ಲಿನಲ್ಲಿ ಬೇರೆ ಕ್ರಿಮಿಗಳೂ ಸೇರಿಕೊಂಡಿದ್ದರಿಂದ ಲೆಕ್ಕ ಹತ್ತಲಿಲ್ಲ. ಆಗ ಪಾಶ್ಚರನೂ ಅವನ ಸಹಾಯಕರೂ ರೋಗದ ಲಕ್ಷಣಗಳನ್ನೇ ಮತ್ತೆ ವಿಚಾರಿಸಿದರು. ನಡೆ ತಪ್ಪುತ್ತದೆ, ದವಡೆ ಬೀಳುತ್ತದೆ, ನುಂಗಲಾಗುವುದಿಲ್ಲ, ಬುದ್ಧಿ ಕೆಡುತ್ತದೆ. ಎಲ್ಲವೂ ನರಕ್ಕೆ, ಮಿದುಳಿಗೆ ಸೇರಿದ್ದು. 1881ರಲ್ಲಿ ರೋಗದ ಮಿದುಳಿನ ಅಂಶವನ್ನು ಒಳ್ಳೆಯ ನಾಯಿಯ ಮಿದುಳಿಗೆ ಸೇರಿಸಿದಾಗ, ಸುಮಾರು ಎರಡು ವಾರದಲ್ಲಿ ರೋಗ ಬಂತು. ಈ ಸೂಕ್ಷ್ಮವಾದ ಕೆಲಸ ಮಾಡಿದವನು ಎಮಿಲ್ ರೂ ಎಂಬ ಸಹಾಯಕ. ಆಮೇಲೆ ರೋಗ ಹಿಡಿದ ಮೊಲದ ಬೆನ್ನುಹುರಿಯನ್ನು ಒಣಗಿಸುತ್ತ ಹೋದರೆ ವಿಷದ ಬಲ ದಿನದಿನಕ್ಕೆ ಇಳಿಯುತ್ತದೆ ಎಂಬುದನ್ನು ಕಂಡುಕೊಂಡರು. ಕಚ್ಚಿದ ದಿನದಿಂದ ರೋಗ ಏಳುವವರೆಗೆ ವಾರಗಳೋ ತಿಂಗಳುಗಳೋ ಬೇಕು. ಆ ಬಿಡುವಿನಲ್ಲೇ ಮೈಗೆ ಶಕ್ತಿ ಕೊಡಬಹುದಲ್ಲವೆ ಎಂಬುದು ಪಾಶ್ಚರನ ಯೋಚನೆ.

1885ರ ಜುಲೈ 6ರಂದು ಅಲ್ಸೇಸ್ ಪ್ರಾಂತ್ಯದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ತಾಯಿ ಕರೆದುಕೊಂಡು ಬಂದಳು. ಎರಡು ದಿನದ ಹಿಂದೆ ನಾಯಿ ಅವನನ್ನು ಹಲವು ಕಡೆ ಕಚ್ಚಿತ್ತು. ಪಾಶ್ಚರ್ ಡಾಕ್ಟರಲ್ಲ, ರಸಾಯನಶಾಸ್ತ್ರದವನು. ಆದ್ದರಿಂದ ಸೂಜಿ ಚುಚ್ಚಿದವನು ಗ್ರಾಂಶೇ ಎಂಬ ಡಾಕ್ಟರು. ಒಟ್ಟು 13 ಚುಚ್ಚುಮದ್ದು ಕೊಟ್ಟರು. ಹುಡುಗ ಉಳಿದ.

ಆ ಮದ್ದು ನಮ್ಮ ದೇಶಕ್ಕೂ ಬಂತು. 1900ರಲ್ಲಿ ಉತ್ತರದ ಬೆಟ್ಟದೂರು ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಆಯಿತು. ದಕ್ಷಿಣದವರಿಗೆ ಆಗ ಗತಿ ಇರಲಿಲ್ಲ. ನಾಯಿ ಕಚ್ಚಿದ ಒಬ್ಬ ಇಂಗ್ಲಿಷ್ ಯುವತಿ 1902ರಲ್ಲಿ ಮದ್ದಿಲ್ಲದೆ ತೀರಿಕೊಂಡಳು. ಆ ಸಾವಿನ ನಂತರ ದಕ್ಷಿಣದಲ್ಲೂ ಒಂದು ಸಂಸ್ಥೆ ಬೇಕೆಂಬ ಪ್ರಯತ್ನ ನಡೆದು, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಎಂಬ ಡಾಕ್ಟರು 1911ರಲ್ಲಿ ಕುರಿಯ ಮಿದುಳಿನಿಂದ, ವಿಷಾಣುವನ್ನು ಕೊಂದು, ಹೊಸ ಲಸಿಕೆ ಮಾಡಿದ. ನಮ್ಮ ತಂದೆತಾಯಿಗಳು ಹೇಳುತ್ತಿದ್ದರಲ್ಲ, 'ಹೊಕ್ಕುಳ ಸುತ್ತ 14 ಇಂಜೆಕ್ಷನ್' ಅಂತ, ಅದೇ ಇದು. ಲಕ್ಷಾಂತರ ಜನರ ಜೀವ ಕಾಯಿತು ನಿಜ. ನೋವೂ ಹೆಚ್ಚು, ಮಿದುಳಿನ ಅಂಶ ಇದ್ದುದರಿಂದ ಕೆಲವರಿಗೆ ಪಾರ್ಶ್ವವಾಯು ಆದದ್ದೂ ಉಂಟು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತಿತು. ಈಗ ಕೊಡುವುದು ತೋಳಿಗೆ, ಸುರಕ್ಷಿತವಾದ ಬೇರೆ ಲಸಿಕೆ. ಹೊಟ್ಟೆಗೆ ಚುಚ್ಚುತ್ತಾರೆಂಬ ಹೆದರಿಕೆಯಿಂದ ಈಗಲೂ ಕೆಲವರು ಆಸ್ಪತ್ರೆಗೆ ಹೋಗುವುದಿಲ್ಲ. ಆ ಹೆದರಿಕೆ ಹಳೆಯ ಕಾಲದ್ದು, ಬಿಟ್ಟುಬಿಡಿ.

ರೋಗವನ್ನು ಖಚಿತವಾಗಿ ಗುರುತಿಸುವ ವಿದ್ಯೆಯೂ ಜೊತೆಗೇ ಬೆಳೆಯಿತು. ಇಟಲಿಯ ನೆಗ್ರಿ ಎಂಬಾತ 1903ರಲ್ಲಿ ರೋಗದ ನಾಯಿಯ ಮಿದುಳಿನ ಕಣಗಳಲ್ಲಿ ವಿಶೇಷ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಹೊಟ್ಟೆಯ ಹುಲ್ಲುಕಡ್ಡಿಯನ್ನು ನಂಬುವ ಕಾಲ ಅಲ್ಲಿಗೆ ಮುಗಿಯಿತು. 1958ರಲ್ಲಿ, ಬಣ್ಣದ ಬೆಳಕಿನಿಂದ ವಿಷಾಣುವನ್ನು ಹೊಳೆಯುವಂತೆ ಮಾಡಿ ಗುರುತಿಸುವ ಇನ್ನೂ ನಿಖರವಾದ ಪರೀಕ್ಷೆ ಬಂತು. ಅದೇ 1958ರಲ್ಲಿಯೇ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಈಗ ಅಲ್ಲಿ ರೇಬೀಸ್ ಪತ್ತೆಯ ಪ್ರಯೋಗಾಲಯವೂ ಇದೆ.

ಈ ನಡುವೆ ನಮ್ಮ ದೇಶದಲ್ಲಿ ಸಹಾಯಕರ ತರಬೇತಿ ಹೇಗೆ ಬೆಳೆಯಿತು? ಮೊದಲು ಇದ್ದವರು ಸಾಲೋತ್ರಿಗಳು. ಅಶ್ವವೈದ್ಯಕ್ಕೆ ಹೆಸರಾದ ಶಾಲಿಹೋತ್ರ ಋಷಿಯ ಹೆಸರಿನಿಂದ ಬಂದ ಮಾತು ಅದು. ತಂದೆಯಿಂದ ಮಗನಿಗೆ ಬಂದ ಕೈಗುಣ, ಬರೆದಿಟ್ಟದ್ದು ಕಡಿಮೆ. 1882ರಲ್ಲಿ ಲಾಹೋರಿನಲ್ಲಿ, 1886ರಲ್ಲಿ ಮುಂಬಯಿಯಲ್ಲಿ, 1903ರಲ್ಲಿ ಮದರಾಸಿನಲ್ಲಿ ಪಶುವೈದ್ಯ ಕಾಲೇಜುಗಳಾದವು. ಅಲ್ಲಿ ಓದಿ ಬಂದವರಿಗೆ ಸರಕಾರ ಕೊಟ್ಟ ಹುದ್ದೆಯ ಹೆಸರೇ 'ವೆಟರ್ನರಿ ಅಸಿಸ್ಟೆಂಟ್', ಅಂದರೆ ಪಶುವೈದ್ಯ ಸಹಾಯಕ. ಊರೂರು ತಿರುಗಿ ಚುಚ್ಚುಮದ್ದು ಹಾಕಿದವರು ಅವರು. ದನದ ಪಕ್ಕದಲ್ಲಿ ನಿಂತು ನೋಡುವವನು, ಯಜಮಾನನ ಮಾತು ಕೇಳುವವನು, ಮೊದಲು ಕೈ ಹಾಕುವವನು ಈ ಹೊತ್ತಿಗೂ ಸಹಾಯಕನೇ. ಅವನ ಕಣ್ಣು ಪಳಗಿದ್ದರೆ ಊರು ಬದುಕುತ್ತದೆ. ಪಳಗದಿದ್ದರೆ ಮೊದಲು ಅಪಾಯ ಅವನಿಗೇ.

ಈ ಚರಿತ್ರೆಯಲ್ಲಿ ನನಗೆ ಕಂಡ ವಿಷಯ ಇಷ್ಟೇ. ಸುಶ್ರುತ ಸಂಹಿತೆಯನ್ನು ಬರೆದವರಾಗಲಿ, ಯೂವಟನಾಗಲಿ, ಪಾಶ್ಚರನ ಪ್ರಯೋಗಾಲಯದವರಾಗಲಿ, ಪ್ರಾಣಿ ಸತ್ತಿತು, ಮುಗಿಯಿತು ಅಂತ ಎದ್ದುಹೋಗಲಿಲ್ಲ. ಏನು ಕಂಡೆವು, ಏನು ಅಂದುಕೊಂಡೆವು, ಏನು ಬಿಟ್ಟೆವು ಎಂದು ಕೂತು ಲೆಕ್ಕ ಹಾಕಿದರು. ನಾವು ಬೆಳೆ ಕೈಕೊಟ್ಟ ವರ್ಷ ಕಣದಲ್ಲಿ ಕೂತು ಯೋಚಿಸುವುದಿಲ್ಲವೆ, ಬಿತ್ತನೆ ತಡವಾಯಿತೋ, ಬೀಜ ಸರಿಯಿರಲಿಲ್ಲವೋ ಎಂದು? ಹಾಗೆಯೇ ಇದು. ಆ ದಿನ ಕಪ್ಪುಹಲಗೆಯ ಮುಂದೆ ನಡೆದದ್ದೂ ಅದೇ ಕೆಲಸ.

ಅಲ್ಲಿ ಒಬ್ಬ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. "ಸಾರ್, ದವಡೆ ಜೋತುಬಿದ್ದರೆಲ್ಲ ರೇಬೀಸೇ ಏನು? ನಿಜವಾಗಿಯೂ ಮೂಳೆ ಸಿಕ್ಕಿರಬಹುದಲ್ಲ?" ಡಾಕ್ಟರು ಹೇಳಿದರು, "ಸಿಕ್ಕಿರಬಹುದಪ್ಪ. ದವಡೆಯ ನರ ಸೋತಿರಬಹುದು, ಹಲ್ಲಿನ ಬುಡ ಕೊಳೆತಿರಬಹುದು. ಮುದಿ ನಾಯಿಗೆ ಇವೆಲ್ಲ ಬರುತ್ತವೆ. ಆದರೆ ಯಾವುದನ್ನು ಮೊದಲು ಸಂಶಯಿಸಬೇಕು? ತಪ್ಪಿದರೆ ಜೀವ ತೆಗೆಯುವುದನ್ನು. ಮೂಳೆ ಅರ್ಧ ಗಂಟೆ ಕಾಯುತ್ತದೆ." ಆಮೇಲೆ ಇನ್ನೊಂದು ಮಾತು ಸೇರಿಸಿದರು. 'ವಯಸ್ಸಾಯಿತು' ಅನ್ನುವುದು ರೋಗದ ಹೆಸರಲ್ಲ, ಹಾಗೆ ಅಂದುಕೊಂಡ ಕೂಡಲೇ ಬೇರೆ ಪ್ರಶ್ನೆ ಕೇಳುವುದನ್ನು ನಾವು ನಿಲ್ಲಿಸುತ್ತೇವೆ ಎಂದರು. ನನಗೆ ಅದು ಮನಸ್ಸಿಗೆ ನಾಟಿತು.

ಈಗ ಆ ಇಬ್ಬರ ವಿಷಯ. ಡಾಕ್ಟರು ಸಂಶಯ ಬಂದ ದಿನವೇ, ಪ್ರಯೋಗಾಲಯದ ಉತ್ತರಕ್ಕೆ ಕಾಯದೆ, ತರಬೇತಿಯ ಹುಡುಗನನ್ನು ಸರಕಾರಿ ಆಸ್ಪತ್ರೆಗೆ ಕಳುಹಿಸಿದ್ದರು. ತಾವೇ ಆ ಮನೆಗೆ ಹೋಗಿ ಮನೆಮಂದಿಯನ್ನು ವಿಚಾರಿಸಿದ್ದರು. ಮೊಮ್ಮಗನ ಬೆರಳಿನಲ್ಲಿ ಕುಡುಗೋಲು ತಾಗಿದ ಗಾಯವಿತ್ತು. ಆ ಕೈಯಿಂದಲೇ ಗಂಜಿ ಹಾಕಿದ್ದು. ಇಬ್ಬರಿಗೂ ಗಾಯ ತೊಳೆಸಿ ಲಸಿಕೆ ಪೂರ್ತಿ ಕೊಡಿಸಿದರು. ಇಬ್ಬರೂ ಚೆನ್ನಾಗಿದ್ದಾರೆ. ತರಬೇತಿಯ ದಿನ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದವನು ಆ ಹುಡುಗನೇ. ಅವನ ದನಿ ಸ್ವಲ್ಪ ನಡುಗುತ್ತಿತ್ತು. ಆದರೂ ಒಂದನ್ನೂ ಮುಚ್ಚಿಡಲಿಲ್ಲ.

ಇನ್ನು ನಿಮ್ಮ ಮನೆಯ ಮಾತು. ಅನ್ನ ನುಂಗಲಾಗದೆ ಬಾಯಿ ಬಿಟ್ಟುಕೊಂಡ ನಾಯಿಯ ಬಾಯೊಳಗೆ ಯಾರೂ ಕೈ ಹಾಕಬೇಡಿ. ಅದನ್ನು ಮಕ್ಕಳಿಂದ ದೂರ, ತಪ್ಪಿಸಿಕೊಳ್ಳದ ಹಾಗೆ ಕೂಡಿಹಾಕಿ ಪಶು ಆಸ್ಪತ್ರೆಗೆ ತಿಳಿಸಿ. ದನಕ್ಕೂ ಇದೇ ಮಾತು ಸಲ್ಲುತ್ತದೆ. ಹಸುವೋ ಎಮ್ಮೆಯೋ ಜೊಲ್ಲು ಸುರಿಸುತ್ತ ಮತ್ತೆ ಮತ್ತೆ ಅರಚುತ್ತಿದ್ದರೆ, ಗಂಟಲಿಗೆ ಕಡ್ಡಿ ಸಿಕ್ಕಿದೆಯೆಂದು ಕೈ ತೂರಿಸಬೇಡಿ. ರೇಬೀಸ್ ಹಿಡಿದ ದನವೂ ಹೀಗೆಯೇ ಮಾಡುತ್ತದೆ. ಅಂಥ ಹಸುವಿನ ಹಾಲನ್ನು ಬಳಸಬೇಡಿ.

ನಾಯಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ, ಕೂಡಲೇ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ಗಾಯ ಆಳವಾಗಿದ್ದರೆ, ರಕ್ತ ಬಂದಿದ್ದರೆ, ಗಾಯಕ್ಕೇ ಹಾಕುವ ಇನ್ನೊಂದು ಮದ್ದು, ಇಮ್ಯುನೋಗ್ಲಾಬ್ಯುಲಿನ್, ಕೂಡ ಬೇಕಾಗುತ್ತದೆ. ಕೇಳಿ ಹಾಕಿಸಿಕೊಳ್ಳಿ. ಡಾಕ್ಟರು ಹೇಳಿದ ದಿನಗಳನ್ನು ಒಂದೂ ತಪ್ಪಿಸಬೇಡಿ. ರೋಗದ ಲಕ್ಷಣ ಕಾಣಿಸಿದ ಮೇಲೆ ಯಾವ ಮದ್ದೂ ನಡೆಯುವುದಿಲ್ಲ. ಕಚ್ಚಿದ್ದು ಮನೆಯ ನಾಯಿಯೇ ಆದರೆ ಅದನ್ನು ಕೊಲ್ಲಬೇಡಿ, ಕಟ್ಟಿಹಾಕಿ 10 ದಿನ ಗಮನಿಸಿ. ಆದರೆ ಆ 10 ದಿನ ಮುಗಿಯಲಿ ಎಂದು ಲಸಿಕೆಯನ್ನು ಮುಂದೂಡಬೇಡಿ.

ಎಲ್ಲಕ್ಕಿಂತ ಸುಲಭವಾದ ಕೆಲಸ ಒಂದಿದೆ. ಮರಿ ಮೂರು ತಿಂಗಳದ್ದಾದ ಕೂಡಲೇ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ವರ್ಷವರ್ಷ ಮತ್ತೆ ಹಾಕಿಸಿ. ಮುದಿಯಾಯಿತು, ಇನ್ನೇಕೆ ಅಂತ ಬಿಡಬೇಡಿ. ಮತ್ತೆ ನಿಮ್ಮ ಮಕ್ಕಳಿಗೆ ಒಂದು ಮಾತು ಹೇಳಿಡಿ: ನಾಯಿ ಕಚ್ಚಿದರೆ, ನಾಯಿನಾಯಿ ಕಚ್ಚಾಡಿದರೆ, ಮನೆಯಲ್ಲಿ ಬಂದು ಹೇಳಬೇಕು, ಹೇಳಿದರೆ ಯಾರೂ ಬೈಯುವುದಿಲ್ಲ ಅಂತ. ಕರಿಯನ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವನು ಆ ಎಂಟು ವರ್ಷದ ಹುಡುಗ. ಅವನನ್ನು ಕೇಳಿದ್ದು ಕಡೆಗೆ.